ಮಳೆ ನಷ್ಟದ ಲೆಕ್ಕಕ್ಕೂ ಒಂದು ಎಂಎ: ಪರಿಸರ ಅರ್ಥಶಾಸ್ತ್ರದಲ್ಲಿ ಓದೋದೇನು?

ಮಳೆಮಾಪಕ ಇರುವುದು ಪಂಚಾಯಿತಿ ಹತ್ತಿರ, ತೋಟ ಇರುವುದು ಗುಡ್ಡದಾಚೆ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದವರಿಗೆ ಈ ತಕರಾರು ಹೊಸದಲ್ಲ. ವಿಮೆ ಕಂಪನಿ ನೋಡುವುದು ತೋಟದಲ್ಲಿ ಉದುರಿದ ಕಾಯನ್ನಲ್ಲ, ಮಾಪಕದಲ್ಲಿ ದಾಖಲಾದ ಮಳೆಯನ್ನು. ಕೊಳೆರೋಗ ಬಂದು ಅರ್ಧ ಫಸಲು ಹೋದರೂ ಮಾಪಕದ ಲೆಕ್ಕ ಮಿತಿ ದಾಟದಿದ್ದರೆ ಪರಿಹಾರ ಇಲ್ಲ. ಈ ಅಂತರಕ್ಕೆ ಅರ್ಥಶಾಸ್ತ್ರದಲ್ಲಿ ‘ಬೇಸಿಸ್ ರಿಸ್ಕ್’ ಅಂತ ಹೆಸರು. ಅದನ್ನು ಕಡಿಮೆ ಮಾಡುವುದು ಹೇಗೆ ಎಂಬಂಥ ಪ್ರಶ್ನೆಗಳನ್ನೇ ಹಿಡಿದು ಓದಿಸುವ ಸ್ನಾತಕೋತ್ತರ ಕೋರ್ಸ್‌ಗಳಿವೆ: ಪರಿಸರ ಅರ್ಥಶಾಸ್ತ್ರ ಮತ್ತು ಹವಾಮಾನ ಬದಲಾವಣೆ.

ಹೆಸರಲ್ಲಿ ಪರಿಸರ ಇದೆ ಅಂತ ಗಿಡಮರಗಳ ಪಾಠ ಅಂದುಕೊಂಡರೆ ತಪ್ಪು. ಇಲ್ಲಿ ಇರುವುದೆಲ್ಲ ದುಡ್ಡಿನ ಲೆಕ್ಕ. ಒಬ್ಬರು ಹಳ್ಳಕ್ಕೆ ಕೊಳಚೆ ಬಿಟ್ಟು ಖರ್ಚು ಉಳಿಸಿಕೊಳ್ತಾರೆ, ಕೆಳಗಿನ ಊರಿನವರು ಕುಡಿಯುವ ನೀರಿಗೆ ದುಡ್ಡು ಸುರೀತಾರೆ. ಹೀಗೆ ಬೇರೆಯವರ ತಲೆಗೆ ಕಟ್ಟಿದ ಖರ್ಚನ್ನು ತೆರಿಗೆ ಹಾಕಿ ಮಾಡಿದವರಿಂದಲೇ ಕಟ್ಟಿಸಬೇಕು ಅನ್ನುವ ವಾದವನ್ನು ಇಂಗ್ಲೆಂಡಿನ ಎ.ಸಿ. ಪಿಗೂ 1920ರಲ್ಲೇ ಮುಂದಿಟ್ಟರು. ಈಗಿನ ಕಾರ್ಬನ್ ತೆರಿಗೆಗೂ ಅದೇ ಬುನಾದಿ.

ಅಂಗಡಿಯವರಿಗೆ ಬೇಗ ಅರ್ಥವಾಗುವ ಪಾಠ ಇನ್ನೊಂದಿದೆ, ಬಡ್ಡಿಯದ್ದು. 50 ವರ್ಷದ ನಂತರ ಆಗುವ 1 ಲಕ್ಷ ರೂಪಾಯಿ ನಷ್ಟ ತಪ್ಪಿಸಲು ಇವತ್ತು ಎಷ್ಟು ಖರ್ಚು ಮಾಡಬಹುದು? ಶೇ 6ರ ದರದಲ್ಲಿ ಲೆಕ್ಕ ಹಾಕಿದರೆ ಸುಮಾರು 5,400 ರೂಪಾಯಿ. ಶೇ 1.4 ಆದರೆ ಹತ್ತಿರ ಹತ್ತಿರ 50 ಸಾವಿರ! ಬ್ರಿಟನ್ ಸರ್ಕಾರಕ್ಕಾಗಿ 2006ರಲ್ಲಿ ಹವಾಮಾನ ವರದಿ ಕೊಟ್ಟ ನಿಕೋಲಸ್ ಸ್ಟರ್ನ್ ಕಡಿಮೆ ದರ ಹಿಡಿದು, ತಕ್ಷಣ ಖರ್ಚು ಮಾಡಿ ಎಂದರು. 2018ರಲ್ಲಿ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹೌಸ್ ಅದನ್ನು ಒಪ್ಪಲಿಲ್ಲ, ದರ ಅಷ್ಟು ಕಡಿಮೆ ಇರಬಾರದು ಎಂದರು. ಮೊಮ್ಮಕ್ಕಳ ನಷ್ಟಕ್ಕೆ ಎಷ್ಟು ಬೆಲೆ ಅನ್ನುವುದೇ ಇಲ್ಲಿನ ಜಗಳ. ಅದು ಇನ್ನೂ ಮುಗಿದಿಲ್ಲ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಇದೇ ಹೆಸರಿನ ಒಂದು ವರ್ಷದ ಎಂಎಸ್ಸಿ ಇದೆ. ಅಷ್ಟು ದೂರ ಬೇಡ ಅನ್ನುವವರು ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್, ದೆಹಲಿಯ ಟೆರಿ ಸಂಸ್ಥೆಯ ಕೋರ್ಸ್‌ಗಳನ್ನು ನೋಡಬಹುದು. ಮುಂದೆ ಪಿಎಚ್‌ಡಿ ಮಾಡುವುದಿದ್ದರೆ ಬೆಂಗಳೂರಿನ ಐಸೆಕ್‌ನಲ್ಲಿ ಈ ವಿಷಯಕ್ಕೇ ಪ್ರತ್ಯೇಕ ಕೇಂದ್ರವಿದೆ. ವಿದೇಶದ ಫೀಸು ಸಣ್ಣದಲ್ಲ. ಪರಿಶಿಷ್ಟರಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇವೆ. ನಿಯಮ, ಕೊನೆ ದಿನಾಂಕವನ್ನು ಆಯಾ ವರ್ಷ ವಿಚಾರಿಸಿಕೊಳ್ಳಬೇಕು.

ತಾಲ್ಲೂಕಿನ ಮಕ್ಕಳಿಗೆ ಅಡ್ಡಿಯಾಗುವುದು ಹೆಚ್ಚಾಗಿ ಇಂಗ್ಲಿಷ್ ಅಲ್ಲ, ಗಣಿತ. ಕಷ್ಟ ಅಂತ ಪಿಯುಸಿಯಲ್ಲೇ ಗಣಿತ ಬಿಟ್ಟು ಬಿಎಗೆ ಬಂದವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ ಎದುರಾಗುತ್ತವೆ. ಆಗ ಕಲಿತರಾಯ್ತು ಅಂದರೆ ತಡವಾಗುತ್ತೆ. ಡಿಗ್ರಿಯಲ್ಲಿ ಅರ್ಥಶಾಸ್ತ್ರದ ಜೊತೆ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ತಗೊಳ್ಳೋ ಅವಕಾಶ ಇದೆಯಾ ಅಂತ ಅಡ್ಮಿಷನ್ ದಿನವೇ ಕಾಲೇಜಿನಲ್ಲಿ ಕೇಳುವುದು ಒಳ್ಳೆಯದು.