ಸರಕು ಮುಗಿದಾಗ ಹುಟ್ಟಿದ ವೀರ

1954ರ ಆರಂಭದಲ್ಲಿ ಲಂಡನ್ನಿನ ಎಲ್. ಮಿಲ್ಲರ್ ಅಂಡ್ ಸನ್ ಎಂಬ ಪ್ರಕಾಶನ ಸಂಸ್ಥೆ ಪೇಚಿಗೆ ಸಿಕ್ಕಿಕೊಂಡಿತು. ಅಮೆರಿಕದ ಫಾಸೆಟ್ ಕಂಪನಿಯ ‘ಕ್ಯಾಪ್ಟನ್ ಮಾರ್ವೆಲ್’ ಕಾಮಿಕ್ಸನ್ನು ಬ್ರಿಟನ್ನಿನಲ್ಲಿ ಮರುಮುದ್ರಿಸಿ ಮಾರುವುದು ಅದರ ಕಸುಬು. ವ್ಯಾಪಾರ ಚೆನ್ನಾಗಿಯೇ ನಡೆದಿತ್ತು. ಆದರೆ ಈ ಕ್ಯಾಪ್ಟನ್ ನಮ್ಮ ಸೂಪರ್‌ಮ್ಯಾನ್‌ನ ನಕಲು ಎಂದು ಸೂಪರ್‌ಮ್ಯಾನ್‌ನ ಒಡೆಯರು ಅಮೆರಿಕದಲ್ಲಿ ಹೂಡಿದ್ದ ಮೊಕದ್ದಮೆ ವರ್ಷಗಟ್ಟಲೆ ಎಳೆದಾಡಿತ್ತು. ಕೊನೆಗೆ 1953ರಲ್ಲಿ ಫಾಸೆಟ್ ಕೈಚೆಲ್ಲಿ ಕ್ಯಾಪ್ಟನ್ ಮಾರ್ವೆಲ್‌ನ ಕಥೆಗಳನ್ನೇ ನಿಲ್ಲಿಸಿಬಿಟ್ಟಿತು. ಮಿಲ್ಲರ್ ಬಳಿ ಓದುಗರಿದ್ದರು, ಅಂಗಡಿಗಳಿದ್ದವು, ಅಚ್ಚುಹಾಕಲು ಕಥೆ ಮಾತ್ರ ಇರಲಿಲ್ಲ.

ಮಿಕ್ ಆಂಗ್ಲೋ ಎಂಬ ಕಲಾವಿದ ದಾರಿ ತೋರಿಸಿದ. ಕಪ್ಪು ಕೂದಲಿನ ಕ್ಯಾಪ್ಟನ್ ಹೋದ, ಹೊಂಗೂದಲಿನ ‘ಮಾರ್ವೆಲ್‌ಮ್ಯಾನ್’ ಬಂದ. ಬೆನ್ನ ಮೇಲಿನ ಮೇಲುಹೊದಿಕೆ ಮಾಯವಾಯಿತು. ‘ಷಜಾಮ್’ ಎಂದು ಕೂಗಿ ಕ್ಯಾಪ್ಟನ್ ಆಗುತ್ತಿದ್ದ ಹುಡುಗನ ಜಾಗದಲ್ಲಿ ‘ಕಿಮೋಟಾ’ ಎಂದು ಕೂಗುವ ಮಿಕಿ ಮೊರಾನ್ ನಿಂತ. ಪತ್ರಿಕೆಯ ಸಂಚಿಕೆ ಸಂಖ್ಯೆಯನ್ನು ಮಾತ್ರ ಮುಟ್ಟಲಿಲ್ಲ. ಹಳೆಯ ನಾಯಕ 24ಕ್ಕೆ ನಿಂತರೆ ಹೊಸಬ 25ರಿಂದ ಶುರು. ನಕಲಿನ ಆರೋಪ ಹೊತ್ತು ಸತ್ತವನಿಗೆ ಹೀಗೆ ಇನ್ನೊಬ್ಬ ನಕಲಿ ಉತ್ತರಾಧಿಕಾರಿ! ಮಾರ್ವೆಲ್‌ಮ್ಯಾನ್ 1963ರವರೆಗೆ ಬಾಳಿದ. ಕೊನೆಯ ವರ್ಷಗಳಲ್ಲಿ ತನ್ನದೇ ಹಳೆಯ ಕಥೆಗಳ ಮರುಮುದ್ರಣಕ್ಕೂ ಇಳಿದ.

1982ರಲ್ಲಿ ಅಲನ್ ಮೂರ್ ಎಂಬ ಯುವ ಲೇಖಕ ‘ವಾರಿಯರ್’ ಪತ್ರಿಕೆಯಲ್ಲಿ ಇವನನ್ನು ಎಬ್ಬಿಸಿದಾಗ ಮಿಕಿ ಮೊರಾನ್ ತಲೆನೋವಿನಿಂದ ಬಳಲುವ ನಡುವಯಸ್ಕ. ತನ್ನ ಶಕ್ತಿಯ ಮಂತ್ರವನ್ನೇ ಮರೆತವನು. ಸೂಪರ್‌ಹೀರೋ ಕಥೆಯನ್ನು ದೊಡ್ಡವರ ಸಾಹಿತ್ಯವಾಗಿಸಿದ ಕೃತಿಗಳ ಸಾಲಿನಲ್ಲಿ ಇದಕ್ಕೆ ಮುಂದಿನ ಆಸನವೇ ಸಲ್ಲಬೇಕು. 1985ರಲ್ಲಿ ಅಮೆರಿಕದ ಎಕ್ಲಿಪ್ಸ್ ಸಂಸ್ಥೆ ಇದನ್ನು ‘ಮಿರಕಲ್‌ಮ್ಯಾನ್’ ಎಂದು ಹೆಸರು ಬದಲಿಸಿ ಮರುಮುದ್ರಿಸಿತು. ಒಮ್ಮೆ ಕಥೆಯನ್ನು ಸಾಲ ಕೊಟ್ಟ ದೇಶವೇ ಈಗ ಸಾಲ ಕೇಳಲು ಬಂದಂತಾಗಿತ್ತು.

ಬ್ರಿಟನ್ನಿಗೆ ಮರುಮುದ್ರಣದ ಗೀಳು ಹತ್ತಿದ್ದು ಸುಮ್ಮನೆ ಅಲ್ಲ. ಎರಡನೆಯ ಮಹಾಯುದ್ಧದ ನಂತರ ದೇಶದಲ್ಲಿ ಡಾಲರಿಗೆ ಬರ. ಬಣ್ಣಬಣ್ಣದ ಅಮೆರಿಕನ್ ಕಾಮಿಕ್ಸನ್ನು ಆಮದು ಮಾಡಿಕೊಳ್ಳಲು 1950ರ ದಶಕದ ಕೊನೆಯವರೆಗೂ ಸರ್ಕಾರದ ನಿರ್ಬಂಧವಿತ್ತು. ಅಚ್ಚಿನ ಹಕ್ಕು ಕೊಂಡು ಸ್ಥಳೀಯವಾಗಿ, ಅಗ್ಗದ ಕಾಗದದ ಮೇಲೆ, ಕಪ್ಪು ಬಿಳುಪಿನಲ್ಲಿ ಮುದ್ರಿಸುವುದೇ ಉಳಿದ ಹಾದಿ. ಬಣ್ಣ ಹೋಯಿತೆಂದು ಮರುಗುವವರಿದ್ದಾರೆ. ನನಗೇನೋ ಅಮೆರಿಕನ್ ಚಿತ್ರಕಾರರ ಪೈಕಿ ಸ್ಟೀವ್ ಡಿಟ್ಕೊನ ಗೆರೆ, ಜ್ಯಾಕ್ ಕರ್ಬಿಯ ದಟ್ಟ ಮಸಿ ಆ ಬಡ ಪುಟಗಳಲ್ಲೇ ಹೆಚ್ಚು ಎದ್ದು ಕಾಣುತ್ತವೆ.

ತಿಂಗಳು ಮತ್ತು ವಾರದ ಲೆಕ್ಕ ಇನ್ನೊಂದು ತಲೆನೋವು. ಅಮೆರಿಕದಲ್ಲಿ ಕಾಮಿಕ್ಸ್ ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಬ್ರಿಟಿಷ್ ಮಕ್ಕಳಿಗೆ ವಾರವಾರವೂ ಬೇಕು. ಅಮೆರಿಕದ ಮಾರ್ವೆಲ್ ಕಂಪನಿ 1972ರಲ್ಲಿ ಲಂಡನ್ನಿನಲ್ಲೇ ‘ಮೈಟಿ ವರ್ಲ್ಡ್ ಆಫ್ ಮಾರ್ವೆಲ್’ ವಾರಪತ್ರಿಕೆ ತೆರೆದಾಗ ಒಂದು ಅಮೆರಿಕನ್ ಕಥೆಯನ್ನು ತುಂಡರಿಸಿ ಎರಡು ವಾರಕ್ಕೆ ಹಂಚುವುದು ವಾಡಿಕೆಯಾಯಿತು. ಎರಡನೆಯ ತುಂಡಿಗೆ ಆರಂಭದ ದೊಡ್ಡ ಚಿತ್ರವಿರುತ್ತಿರಲಿಲ್ಲ. ಅದನ್ನು ಹೊಸದಾಗಿ ಬರೆಸುತ್ತಿದ್ದರು. ಈ ಹಸಿವಿನ ಪರಾಕಾಷ್ಠೆ 1974ರಲ್ಲಿ ಶುರುವಾದ ‘ಪ್ಲ್ಯಾನೆಟ್ ಆಫ್ ದಿ ಏಪ್ಸ್’ ವಾರಪತ್ರಿಕೆ. ಕಪಿಗಳ ಕಥೆ ಬೇಗನೆ ಬರಿದಾಯಿತು. ಸಂಪಾದಕರು ಮಂಗಳ ಗ್ರಹದವರ ವಿರುದ್ಧ ಹೋರಾಡುವ ‘ಕಿಲ್‌ರೇವನ್’ ಎಂಬ ಬೇರೊಂದು ಕಥೆಯನ್ನು ಎಳೆದುತಂದು, ಶತ್ರುಗಳ ಮುಖಕ್ಕೆ ಕಪಿಮುಖ ಅಂಟಿಸಿ, ಮಾತುಗಳನ್ನು ತಿದ್ದಿ, ನಾಯಕನಿಗೆ ‘ಏಪ್‌ಸ್ಲೇಯರ್’ ಎಂದು ಹೆಸರಿಟ್ಟರು. ಇದು ಕೆಲವು ವಾರ ನಡೆದೂ ಹೋಯಿತು.

ಮೆಕ್ಸಿಕೋದ ಕಥೆ ಇನ್ನೂ ಮೃದು. ಅಲ್ಲಿ ಲಾ ಪ್ರೆನ್ಸಾ ಸಂಸ್ಥೆ ಸ್ಪೈಡರ್‌ಮ್ಯಾನ್ ಪ್ರಕಟಿಸುತ್ತಿತ್ತು. ಅಮೆರಿಕದಲ್ಲಿ 1973ರಲ್ಲಿ ನಾಯಕಿ ಗ್ವೆನ್ ಸ್ಟೇಸಿಯನ್ನು ಸಾಯಿಸಿದರು. ಓದುಗರು ಕಣ್ಣೀರಿಟ್ಟರು. ಮೆಕ್ಸಿಕೋದಲ್ಲಿ ಹೋಸೆ ಲೂಯಿಸ್ ಗೊನ್ಸಾಲೆಸ್ ದುರಾನ್ ಎಂಬ ಚಿತ್ರಕಾರ ಹೊಸದಾಗಿ ಬರೆದ ಸ್ಪೈಡರ್‌ಮ್ಯಾನ್ ಕಥೆಗಳಲ್ಲಿ ಆಕೆ ಮಾತ್ರ ಬದುಕಿಯೇ ಇದ್ದಳು.

ಫ್ರಾನ್ಸಿನಲ್ಲಿ ಲಗಾಮು ಸೆನ್ಸಾರಿನ ಕೈಯಲ್ಲಿತ್ತು. ಲಿಯೋನ್ ನಗರದ ಲುಗ್ ಸಂಸ್ಥೆಯ ‘ಫಾಂಟಾಸ್ಕ್’ 1969ರಲ್ಲಿ ಏಳೇ ಸಂಚಿಕೆಗೆ ಮುಚ್ಚಿತು. ಆಮೇಲೆ ಬಂದ ‘ಸ್ಟ್ರೇಂಜ್’ನಲ್ಲಿ ಹೊಡೆತ ಬಡಿತದ ಚಿತ್ರಗಳನ್ನು ತಿದ್ದಿಯೇ ಅಚ್ಚುಹಾಕುತ್ತಿದ್ದರು.

ನಮ್ಮಲ್ಲೂ ತಿದ್ದುಪಡಿಯ ಕತ್ತರಿ ಆಡಿದೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಮುಂದೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ಅದರ ಮುಖ್ಯ ಆಕರ್ಷಣೆ ಲೀ ಫಾಕ್‌ನ ಫ್ಯಾಂಟಮ್. ಅತಿಮಾನುಷ ಶಕ್ತಿಯಿಲ್ಲದಿದ್ದರೂ ಮುಖವಾಡ, ಮೈಗಂಟಿದ ಉಡುಪು ತೊಟ್ಟ ಈತ 1936ರಲ್ಲೇ, ಸೂಪರ್‌ಮ್ಯಾನ್‌ಗಿಂತ ಮೊದಲೇ ಅಮೆರಿಕದ ದಿನಪತ್ರಿಕೆಗಳಲ್ಲಿ ಕಾಣಿಸಿಕೊಂಡವನು. ಮೂಲದ ಬಂಗಾಲಾ ದೇಶ ಇಂದ್ರಜಾಲದಲ್ಲಿ ಡೆಂಕಾಲಿಯಾಯಿತು. ಕಡಲ್ಗಳ್ಳರ ಸಿಂಗ್ ಎಂಬ ಹೆಸರು ಸಿಂಗಾ ಆಯಿತು. ಕಾರಣ ಊಹಿಸುವುದು ಕಷ್ಟವಲ್ಲ: ದೂರದ ಕಾಲ್ಪನಿಕ ದೇಶವೊಂದರ ಖಳರಿಗೆ ನಮ್ಮ ಪಕ್ಕದ ಮನೆಯವರ ಹೆಸರಿದ್ದರೆ ಹೇಗೆ?

ಈ ಹಳೆಯ ಮರುಮುದ್ರಣಗಳನ್ನು ಹುಡುಕಿ ಇಡುವವರು ಈಗಲೂ ಇದ್ದಾರೆ. ಅವರನ್ನು ಹೆಚ್ಚು ಕಾಡಿಸುವವನು ಅಲನ್ ಕ್ಲಾಸ್. 1959ರಿಂದ ಮೂರು ದಶಕ ‘ಕ್ರೀಪಿ ವರ್ಲ್ಡ್ಸ್’, ‘ಸಿನಿಸ್ಟರ್ ಟೇಲ್ಸ್’ ಮುಂತಾದ ದಪ್ಪ ಪುಸ್ತಕಗಳಲ್ಲಿ ಮಾರ್ವೆಲ್, ಚಾರ್ಲ್‌ಟನ್ ಎಂದು ಭೇದವೆಣಿಸದೆ ಕಥೆಗಳನ್ನು ಬೆರೆಸಿ ಅಚ್ಚುಹಾಕಿದ ಬ್ರಿಟಿಷ್ ಪ್ರಕಾಶಕ ಆತ. ಸಂಚಿಕೆ ಹಳತಾಯಿತೆಂದು ಯಾರೂ ಬದಿಗಿಡಬಾರದಲ್ಲ, ಅದಕ್ಕೆ ದಿನಾಂಕವನ್ನೇ ಮುದ್ರಿಸುತ್ತಿರಲಿಲ್ಲ. ಹಾಗಾಗಿ ಸಂಗ್ರಾಹಕರು ಮುಖಪುಟದ ಬೆಲೆಯನ್ನು ನೋಡುತ್ತಾರೆ: ಶಿಲಿಂಗ್ ಇದ್ದರೆ 1971ರ ದಶಮಾಂಶ ನಾಣ್ಯಕ್ಕಿಂತ ಹಿಂದಿನದು, ಹೊಸ ಪೆನ್ಸ್ ಇದ್ದರೆ ಆಮೇಲಿನದು.