ಹಿಮದಾಟದ ಮೇಲಂಗಿ: ನೀರಿಗೆ ತಡೆ, ಆವಿಗೆ ದಾರಿ

ಎರಡು ಕಾಲಿಗೂ ಒಂದೊಂದು ನೀಳವಾದ ಹಲಗೆಯನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟಕ್ಕೆ ಸ್ಕೀಯಿಂಗ್ ಎಂದು ಹೆಸರು. ನಮ್ಮ ದೇಶದಲ್ಲಿ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲ ಪ್ರದೇಶದ ಸೋಲಾಂಗ್ ಕಣಿವೆ ಇವು ಈ ಆಟಕ್ಕೆ ಪ್ರಸಿದ್ಧವಾದ ಸ್ಥಳಗಳು. ಗುಲ್ಮಾರ್ಗಿನಲ್ಲಿಯೂ ಮನಾಲಿಯಲ್ಲಿಯೂ ಸರ್ಕಾರದ ಶಿಕ್ಷಣಸಂಸ್ಥೆಗಳಿದ್ದು, ಚಳಿಗಾಲದಲ್ಲಿ ಸ್ಕೀಯಿಂಗ್ ತರಗತಿಗಳನ್ನು ನಡೆಸುತ್ತವೆ. ಕನ್ನಡ ನಾಡಿನ ವಿದ್ಯಾರ್ಥಿಗಳಿಗೂ ಅಲ್ಲಿ ಪ್ರವೇಶವುಂಟು.

ಹಿಮವನ್ನೇ ಕಾಣದ ನಾಡಿನಿಂದ ಹೊರಡುವ ತರುಣ ತರುಣಿಯರಿಗೆ ಮೊದಲು ಬೇಕಾಗುವ ವಸ್ತು ನೀರನ್ನು ತಡೆಯುವ ಮೇಲಂಗಿ. ಅಂಗಡಿಯವರು ಇದನ್ನು ‘ಷೆಲ್ ಜಾಕೆಟ್’ ಎನ್ನುತ್ತಾರೆ. ಷೆಲ್ ಎಂದರೆ ಚಿಪ್ಪು. ಇದು ಮೈಯನ್ನು ಬೆಚ್ಚಗಿಡುವ ಉಡುಪಲ್ಲ. ಬೆಚ್ಚಗಿಡುವ ಉಣ್ಣೆಯ ಉಡುಪು ಒಳಗಿರುತ್ತದೆ. ಅದನ್ನು ನೀರಿನಿಂದಲೂ ಗಾಳಿಯಿಂದಲೂ ಕಾಪಾಡುವುದು ಚಿಪ್ಪಿನ ಕೆಲಸ. ಅಂಗಡಿಯಲ್ಲಿ ಒಂದು ಜಾಕೆಟ್ಟಿನ ಚೀಟಿಯ ಮೇಲೆ 5,000 ಮಿ.ಮೀ. ಎಂದಿರುತ್ತದೆ; ಇನ್ನೊಂದರ ಮೇಲೆ 10,000; ಮತ್ತೊಂದರ ಮೇಲೆ 20,000. ಬೆಲೆಯೂ ಅದರೊಡನೆ ಏರುತ್ತ ಹೋಗುತ್ತದೆ. ಈ ಅಂಕಿಗಳ ಅರ್ಥವೇನು? ಎಷ್ಟಿದ್ದರೆ ಸಾಕು? ಕೈಯಲ್ಲಿರುವ ಹಣ ಸ್ವಲ್ಪವಾದರೆ ಯಾವ ಗುಣವನ್ನು ಬಿಡಬಹುದು, ಯಾವುದನ್ನು ಬಿಡಲಾಗದು? ಕಾಲೇಜಿನಲ್ಲಿ ಕಲಿಯುವ ಭೌತಶಾಸ್ತ್ರವೇ ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲುದು.

ಒದ್ದೆ ಬಟ್ಟೆಯ ಅಪಾಯ

ಉಣ್ಣೆಯ ಬಟ್ಟೆ ಬೆಚ್ಚಗಿರುವುದಕ್ಕೆ ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮುಖ್ಯ ಕಾರಣ. ನಿಶ್ಚಲವಾದ ಗಾಳಿ ಉಷ್ಣದ ಅತಿ ಮಂದವಾಹಕ. ನೀರಿನ ಉಷ್ಣವಾಹಕತೆಯಾದರೋ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಬಟ್ಟೆ ತೊಯ್ದು ಗಾಳಿಯ ಸ್ಥಳವನ್ನು ನೀರು ಆಕ್ರಮಿಸಿದರೆ ಮೈಯ ಉಷ್ಣ ಸರಾಗವಾಗಿ ಹೊರಕ್ಕೆ ಹರಿಯತೊಡಗುತ್ತದೆ.

ಇದಕ್ಕಿಂತಲೂ ದೊಡ್ಡ ನಷ್ಟ ಇನ್ನೊಂದುಂಟು. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲರಿ ಗುಪ್ತೋಷ್ಣ ಬೇಕು. ಬಟ್ಟೆಯಲ್ಲಿ 100 ಗ್ರಾಂ ನೀರು ನಿಂತು ಅದು ಆರಿದರೆ 58 ಕಿಲೋಕ್ಯಾಲರಿ ಉಷ್ಣ ವ್ಯಯವಾಗುತ್ತದೆ. ಆ ಉಷ್ಣವೆಲ್ಲ ಶರೀರದಿಂದಲೇ ಬಂದು, ಶರೀರ ಅದನ್ನು ತುಂಬಿಕೊಳ್ಳಲಾರದೆ ಹೋದರೆ, 60 ಕಿಲೋಗ್ರಾಂ ತೂಕದ ಮನುಷ್ಯನ ಮೈಯ ಉಷ್ಣತೆ ಒಂದು ಡಿಗ್ರಿಗೂ ಹೆಚ್ಚು ತಗ್ಗುವುದೆಂದು ಲೆಕ್ಕ ಮಾಡಬಹುದು. ನಮ್ಮ ಶರೀರದ ಒಳಗಿನ ಉಷ್ಣತೆ 37 ಡಿಗ್ರಿ ಸೆಂಟಿಗ್ರೇಡ್. ಅದು 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಪ್ರಾಣಾಪಾಯದ ಸ್ಥಿತಿಯೆಂದೇ ಎಣಿಸುತ್ತಾರೆ. ಆರೋಗ್ಯಕ್ಕೂ ಅಪಾಯಕ್ಕೂ ನಡುವೆ ಇರುವುದು ಎರಡೇ ಡಿಗ್ರಿ.

ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಅಫರ್ವಾಟ್ ಬೆಟ್ಟಕ್ಕೆ ತಂತಿಯ ಮೇಲೆ ತೂಗುತ್ತ ಹೋಗುವ ಗಾಡಿ ಆಟಗಾರರನ್ನು ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುವುದರಿಂದ, ಮೇಲಿನ ನಿಲ್ದಾಣದಲ್ಲಿ ಕೆಳಗಿಗಿಂತ ಎಂಟು ಡಿಗ್ರಿಯಷ್ಟು ಹೆಚ್ಚು ಚಳಿ. ಅಲ್ಲಿ ಒದ್ದೆ ಬಟ್ಟೆಯಲ್ಲಿ ನಿಲ್ಲುವುದು ಆಟದ ಮಾತಲ್ಲ.

ಕಡುಚಳಿಯಲ್ಲಿ ಬೀಳುವ ಹಿಮ ಒಣಪುಡಿಯಂತಿದ್ದು, ಕೊಡವಿದರೆ ಉದುರಿಹೋಗುತ್ತದೆ. ಆದರೆ ಹೊಸಬರು ಪದೇ ಪದೇ ಬೀಳುವರು; ಮೈಶಾಖಕ್ಕೆ ಹಿಮ ಕರಗಿ ಬಟ್ಟೆಗೆ ಇಳಿಯುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಹಿಮವೇ ತೇವವಾಗಿರುತ್ತದೆ. ಇದು ಹೊರಗಿನ ನೀರು. ಒಳಗಿನ ನೀರು ಬೆವರು. ಹಲಗೆಗಳನ್ನು ಹೊತ್ತು ಏರು ಹತ್ತುವಾಗ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಬೆವರು ಹರಿಯಬಹುದು. ಮೇಲಂಗಿ ಮೊದಲನೆಯದನ್ನು ಒಳಗೆ ಬಿಡಬಾರದು, ಎರಡನೆಯದನ್ನು ಒಳಗೆ ಇಟ್ಟುಕೊಳ್ಳಬಾರದು.

ರಬ್ಬರಿನ ಕೋಟು

ಮೊದಲನೆಯ ಕೆಲಸ ಸುಲಭ. 1823ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬಾತ ನಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಅದನ್ನು ಎರಡು ಬಟ್ಟೆಗಳ ನಡುವೆ ಹಚ್ಚಿ, ನೀರಿಳಿಯದ ಬಟ್ಟೆಯನ್ನು ತಯಾರಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದ. ಮೊದಮೊದಲು ಈ ಕೋಟುಗಳು ಸೆಕೆಗೆ ಅಂಟಂಟಾಗಿ ಚಳಿಗೆ ಸೆಟೆದುಕೊಳ್ಳುತ್ತಿದ್ದುವು. ರಬ್ಬರಿಗೆ ಗಂಧಕ ಬೆರಸಿ ಕಾಯಿಸುವ ವಿಧಾನ ಬಂದ ಮೇಲೆ ಈ ದೋಷ ನೀಗಿತು. ಆದರೆ ಇಂಥ ಕೋಟು ನೀರನ್ನೂ ಬಿಡದು, ಆವಿಯನ್ನೂ ಬಿಡದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಮಳೆಯಂಗಿ ತೊಟ್ಟು ಸೈಕಲ್ ತುಳಿದವರೆಲ್ಲರೂ ಇದರ ಫಲವನ್ನು ಬಲ್ಲರು: ಮಳೆಯಲ್ಲಿ ನೆನೆಯದವನು ಬೆವರಿನಲ್ಲಿ ನೆನೆಯುತ್ತಾನೆ. ಮಲೆನಾಡಿನ ಗದ್ದೆಗಳಲ್ಲಿ ಬೆನ್ನ ಮೇಲೆ ಹಾಕಿಕೊಳ್ಳುತ್ತಿದ್ದ ಗೊರಬೆ ಇದಕ್ಕಿಂತ ಜಾಣ ಉಪಾಯ. ಮೇಲಿನ ನೀರು ಜಾರಿಹೋಗುತ್ತದೆ, ಕೆಳಗಿನಿಂದ ಗಾಳಿ ಆಡುತ್ತದೆ. ಆದರೆ ಗೊರಬೆ ಹೊತ್ತು ಹಿಮದಲ್ಲಿ ಜಾರುವಂತಿಲ್ಲವಷ್ಟೆ.

ಹನಿಗೆ ಕಿರಿದು, ಅಣುವಿಗೆ ಹಿರಿದು

ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುವುದನ್ನು ಎಲ್ಲರೂ ನೋಡಿದ್ದೇವೆ. ಮೇಲ್ಮೈ ಎಳೆತದಿಂದ ನೀರು ಗುಂಡಗಾಗಲು ಯತ್ನಿಸುತ್ತದೆ. ಎಲೆ ಅದನ್ನು ತನ್ನ ಕಡೆಗೆ ಎಳೆದುಕೊಳ್ಳುವುದಿಲ್ಲ. ಗಾಜಿನ ಲೋಮನಾಳದಲ್ಲಿ ನೀರು ಮೇಲೇರಿದರೆ, ಒಳಗೆ ಮೇಣ ಬಳಿದ ನಾಳದಲ್ಲಿ ಕೆಳಗಿಳಿಯುತ್ತದೆ. ನೀರನ್ನು ಒಲ್ಲದ ವಸ್ತುವಿನಲ್ಲಿ ಸೂಕ್ಷ್ಮರಂಧ್ರವಿದ್ದರೆ, ಅದರೊಳಗೆ ನೀರನ್ನು ತಳ್ಳುವುದಕ್ಕೆ ಒತ್ತಡ ಬೇಕು. ಈ ಒತ್ತಡ ರಂಧ್ರದ ವ್ಯಾಸಕ್ಕೆ ವಿಲೋಮಾನುಪಾತದಲ್ಲಿರುತ್ತದೆ: ರಂಧ್ರ ಕಿರಿದಾದಷ್ಟೂ ಒತ್ತಡ ಹೆಚ್ಚು.

ಟೆಫ್ಲಾನ್ ಎಂಬ ವಸ್ತುವಿನಲ್ಲಿ ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು, ವ್ಯಾಸದ ರಂಧ್ರವಿದೆಯೆನ್ನೋಣ. ಅದರೊಳಗೆ ನೀರು ನುಗ್ಗಬೇಕಾದರೆ ಸುಮಾರು ಹತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡ ಬೇಕೆಂದು ಲೆಕ್ಕದಿಂದ ತಿಳಿಯುತ್ತದೆ. ಆವಿಯಲ್ಲಿಯಾದರೋ ನೀರಿನ ಅಣುಗಳು ಬಿಡಿಬಿಡಿಯಾಗಿರುತ್ತವೆ. ಅಣುವಿನ ಅಳತೆಗೆ ಈ ರಂಧ್ರ ಸುಮಾರು ಮೂರು ಸಾವಿರ ಪಟ್ಟು ಅಗಲ. ಅದು ಹೆಬ್ಬಾಗಿಲಿನಲ್ಲಿ ಇರುವೆ ಹಾಯ್ದಂತೆ ನಿರಾತಂಕವಾಗಿ ಹಾಯುತ್ತದೆ.

1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಎಂಬಾತ ಕಾದ ಟೆಫ್ಲಾನ್ ಕಡ್ಡಿಗಳನ್ನು ಮೆಲ್ಲಗೆ ಎಳೆದು ಉದ್ದ ಮಾಡಲು ಯತ್ನಿಸುತ್ತಿದ್ದ. ಅವು ಮುರಿಯುತ್ತಲೇ ಇದ್ದುವು. ಬೇಸರದಿಂದ ಒಂದನ್ನು ಥಟ್ಟನೆ ಜಗ್ಗಿದಾಗ ಅದು ಮುರಿಯದೆ ಹಲವು ಪಟ್ಟು ಹಿಗ್ಗಿ, ಒಳಗೆಲ್ಲ ಸೂಕ್ಷ್ಮರಂಧ್ರಗಳಿಂದ ತುಂಬಿದ ಹೊಸ ರೂಪವನ್ನು ತಾಳಿತು. ಇದರ ತೆಳುಪೊರೆಯನ್ನು ಬಟ್ಟೆಗೆ ಅಂಟಿಸಿದ ಉಡುಪುಗಳು 1970ರ ದಶಕದಲ್ಲಿ ‘ಗೋರ್-ಟೆಕ್ಸ್’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದುವು. ಬೆಲೆ ಕಡಮೆಯಾದ ಜಾಕೆಟ್ಟುಗಳಲ್ಲಿ ಸಾಮಾನ್ಯವಾಗಿ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಲೇಪವಿರುತ್ತದೆ. ಇದರಲ್ಲಿ ರಂಧ್ರವೇ ಇಲ್ಲದ ಬಗೆಯೂ ಉಂಟು. ಅಲ್ಲಿ ಲೇಪವು ಒಳಗಿನ ಆವಿಯನ್ನು ಹೀರಿಕೊಂಡು ಹೊರಮೈಯಿಂದ ಬಿಡುತ್ತದೆ.

ಮಿಲಿಮೀಟರಿನ ಲೆಕ್ಕ

ಚೀಟಿಯ ಮೇಲಿನ 10,000 ಮಿ.ಮೀ. ಎಂಬುದರ ಅರ್ಥ ಈಗ ಸ್ಪಷ್ಟವಾಗುತ್ತದೆ. ಬಟ್ಟೆಯ ಮೇಲೆ ಹತ್ತು ಮೀಟರ್, ಎಂದರೆ ಮೂರಂತಸ್ತಿನ ಮನೆಯಷ್ಟು ಎತ್ತರದ ನೀರಿನ ಕಂಬವನ್ನು ನಿಲ್ಲಿಸಿದಾಗ ಉಂಟಾಗುವ ಒತ್ತಡವನ್ನು ಅದು ತಡೆಯುತ್ತದೆ. ಇದು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಭಾರಕ್ಕೆ ಸಮ.

ಇಷ್ಟು ಒತ್ತಡ ಜಾಕೆಟ್ಟಿನ ಮೇಲೆ ನಿಜವಾಗಿ ಬೀಳುತ್ತದೆಯೆ? ಹತ್ತು ಕಿಲೋಗ್ರಾಂ ಚೀಲದ ಪಟ್ಟಿಗಳು ಹೆಗಲ ಮೇಲೆ 100 ಚದರ ಸೆಂಟಿಮೀಟರ್ ಸ್ಥಳದಲ್ಲಿ ಒತ್ತಿದರೆ ಅದು 1,000 ಮಿ.ಮೀ.ಗೆ ಸಮ. ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಿಂದ ಬೀಳುತ್ತದೆ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಇಮ್ಮಡಿಯಿಂದ ಭಾಗಿಸಿದರೆ ಸ್ಥೂಲವಾಗಿ 4,100 ಮಿ.ಮೀ. ಬರುತ್ತದೆ. ಆದುದರಿಂದ 2,000 ಅಥವಾ 3,000ದ ಜಾಕೆಟ್ಟು ಸಾಲದು; 5,000 ಅಂಚಿನಲ್ಲಿದೆ; 10,000 ನೆಮ್ಮದಿಯ ಅಂಕಿ. 20,000ಕ್ಕೆ ತೆರುವ ಹಣ ಸವೆತಕ್ಕೆ ಇಟ್ಟ ಮೀಸಲು. ಬೇಡವೆನ್ನಲಾಗದು, ಆದರೆ ಕಲಿಯುವವನಿಗೆ ಅವಶ್ಯವಲ್ಲ.

ಆದರೆ ಒಂದು ಮಾತನ್ನು ಚೀಟಿ ಹೇಳುವುದಿಲ್ಲ. ಜಾಕೆಟ್ಟನ್ನು ಹೊಲಿಯುವಾಗ ಸೂಜಿ ಸಾವಿರಾರು ತೂತುಗಳನ್ನು ಮಾಡುತ್ತದೆ. ಹಿಂದಿನ ನಿಯಮವನ್ನೇ ಹಚ್ಚಿ ನೋಡೋಣ. ಒಂದು ಮೈಕ್ರಾನ್ ರಂಧ್ರ ಹತ್ತು ಮೀಟರ್ ನೀರನ್ನು ತಡೆದರೆ, ಅದರ ಸಾವಿರ ಪಟ್ಟಿನ ಒಂದು ಮಿಲಿಮೀಟರ್ ತೂತು ತಡೆಯುವುದು ಸಾವಿರದಲ್ಲಿ ಒಂದು ಪಾಲು, ಎಂದರೆ ಹತ್ತೇ ಮಿಲಿಮೀಟರ್! ಆದ್ದರಿಂದಲೇ ಹೊಲಿಗೆಯ ಒಳಬದಿಗೆ ಪಟ್ಟಿ ಅಂಟಿಸಿ ಮುಚ್ಚಬೇಕು. ಕೆಲವು ಜಾಕೆಟ್ಟುಗಳಲ್ಲಿ ಹೆಗಲಿಗೂ ತಲೆಮುಸುಕಿಗೂ ಮಾತ್ರ ಪಟ್ಟಿ ಇರುತ್ತದೆ. ಕೆಲವಲ್ಲಿ ಎಲ್ಲ ಹೊಲಿಗೆಗೂ. ಎಲ್ಲ ಹೊಲಿಗೆಗಳನ್ನೂ ಮುಚ್ಚಿದ 10,000ದ ಜಾಕೆಟ್ಟು, ಅರೆಬರೆ ಮುಚ್ಚಿದ 20,000ದ ಜಾಕೆಟ್ಟಿಗಿಂತ ಮೇಲು.

ಆವಿಯ ಲೆಕ್ಕ

ಚೀಟಿಯ ಎರಡನೆಯ ಅಂಕಿ ಆವಿಗೆ ಸಂಬಂಧಪಟ್ಟದ್ದು. 10,000 ಗ್ರಾಂ ಎಂದಿದ್ದರೆ, ಒಂದು ಚದರ ಮೀಟರ್ ಬಟ್ಟೆ 24 ಗಂಟೆಗಳಲ್ಲಿ ಅಷ್ಟು ಆವಿಯನ್ನು ಬಿಟ್ಟಿತೆಂದು ಅರ್ಥ. ಗಂಟೆಗೆ ಸುಮಾರು 417 ಗ್ರಾಂ. ಇದು ಪ್ರಯೋಗಶಾಲೆಯ ಅಂಕಿ. ಅಳೆಯುವ ವಿಧಾನಗಳು ಹಲವಿದ್ದು, ಒಂದೇ ಬಟ್ಟೆಗೆ ಬೇರೆ ಬೇರೆ ಅಂಕಿಗಳು ಬರುತ್ತವೆ. ಆದ್ದರಿಂದ ಇಬ್ಬರು ತಯಾರಕರ ಅಂಕಿಗಳನ್ನು ಹೋಲಿಸುವಾಗ ಎಚ್ಚರ ಬೇಕು. ಕೆಲವರು ‘ಆರ್.ಇ.ಟಿ.’ ಎಂಬ ಅಂಕಿಯನ್ನು ಕೊಡುತ್ತಾರೆ. ಇದು ಆವಿಗೆ ಬಟ್ಟೆ ಒಡ್ಡುವ ತಡೆಯಾದುದರಿಂದ ಕಡಮೆಯಾದಷ್ಟೂ ಒಳ್ಳೆಯದು. 6ಕ್ಕಿಂತ ಕೆಳಗಿದ್ದರೆ ಉತ್ತಮ, 20ಕ್ಕಿಂತ ಮೇಲಿದ್ದರೆ ಕಳಪೆ.

ಆವಿಯನ್ನು ಹೊರಕ್ಕೆ ನೂಕುವುದು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡಗಳ ವ್ಯತ್ಯಾಸ. 34 ಡಿಗ್ರಿಯ ಬೆವರಿದ ಚರ್ಮದ ಬಳಿ ಈ ಒತ್ತಡ ಪಾದರಸದ ಸುಮಾರು 40 ಮಿ.ಮೀ. ಆಗುಂಬೆಯ ಮಳೆಯಲ್ಲಿ ಗಾಳಿ 22 ಡಿಗ್ರಿಯಲ್ಲಿ ಆವಿಯಿಂದ ತುಂಬಿದ್ದರೆ ಹೊರಗಿನ ಒತ್ತಡ 20 ಮಿ.ಮೀ.; ವ್ಯತ್ಯಾಸ 20. ಶೂನ್ಯಕ್ಕಿಂತ 5 ಡಿಗ್ರಿ ಕೆಳಗಿನ ಹಿಮದಲ್ಲಿ ಹೊರಗಿನ ಒತ್ತಡ 3 ಮಿ.ಮೀ.ಗಿಂತ ಹೆಚ್ಚಿರಲಾರದು, ವ್ಯತ್ಯಾಸ 37. ಒಂದೇ ಜಾಕೆಟ್ಟು ಹಿಮದಲ್ಲಿ ಇಮ್ಮಡಿಗೆ ಸಮೀಪವಾದ ಪ್ರಮಾಣದಲ್ಲಿ ಆವಿಯನ್ನು ಬಿಡಬಲ್ಲುದು. ಆದರೆ ಅಲ್ಲಿ ಬಟ್ಟೆಯೇ ತಣ್ಣಗಿರುವುದರಿಂದ, ಆವಿ ಹೊರಹೋಗುವ ಮೊದಲೇ ಅದರ ಒಳಮೈಯಲ್ಲಿ ಹನಿಗಟ್ಟಬಹುದು. ಐಸುನೀರಿನ ಲೋಟದ ಹೊರಮೈ ಬೆವರುವಂತೆ.

ಬೆವರು ಗಂಟೆಗೆ ಅರ್ಧ ಲೀಟರನ್ನು ಮೀರಿದಾಗ ಯಾವ ಬಟ್ಟೆಯೂ ಸಾಲದು. ಆಗ ಉಪಯೋಗಕ್ಕೆ ಬರುವುದು ಕಂಕುಳ ಕೆಳಗೆ ತೆರೆಯಬಹುದಾದ ಉದ್ದನೆಯ ಜಿಪ್ಪು. ಏರುವಾಗ ಅದನ್ನು ತೆರೆದರೆ ತೇವದ ಗಾಳಿ ನೇರವಾಗಿ ಹೊರಹೋಗುತ್ತದೆ, ಜಾರುವಾಗ ಮುಚ್ಚಿಕೊಳ್ಳಬಹುದು. ದುಬಾರಿ ಪೊರೆಯ ಕೆಲಸದ ಬಹುಭಾಗವನ್ನು ಈ ಅಗ್ಗದ ಜಿಪ್ಪು ಮಾಡುತ್ತದೆ.

ಹೊರಮೈಯ ಆರೈಕೆ

ಜಾಕೆಟ್ಟಿನ ಹೊರಬಟ್ಟೆಗೆ ನೀರು ಹತ್ತದಂತೆ ರಾಸಾಯನಿಕ ಲೇಪವಿರುತ್ತದೆ. ಅದು ಸವೆದಾಗ ಹೊರಬಟ್ಟೆ ನೀರು ಹೀರಿ ಆವಿಯ ದಾರಿಯನ್ನು ಮುಚ್ಚುತ್ತದೆ. ಪೊರೆ ಸೋರದಿದ್ದರೂ ಒಳಗೆ ತೇವ ಕಟ್ಟಿ, ಜಾಕೆಟ್ಟು ಸೋರುತ್ತಿದೆಯೆಂದು ತೊಟ್ಟವನು ಭಾವಿಸುತ್ತಾನೆ. ಹಿಂದೆ ಈ ಲೇಪಕ್ಕೆ ಫ್ಲೂರಿನ್ ಸಂಯುಕ್ತಗಳನ್ನು ಬಳಸುತ್ತಿದ್ದರು. ಅವು ನೀರಿನಲ್ಲಿಯೂ ನೆಲದಲ್ಲಿಯೂ ನಾಶವಾಗದೆ ಉಳಿಯುವುದರಿಂದ ಹಲವು ಕಡೆ ಕಾನೂನಿನಿಂದ ನಿರ್ಬಂಧಿತವಾಗಿವೆ. ಹೊಸ ಲೇಪಗಳು ಎಣ್ಣೆಯ ಜಿಡ್ಡನ್ನು ಅಷ್ಟಾಗಿ ತಡೆಯಲಾರವು. ಆದುದರಿಂದ ಜಾಕೆಟ್ಟನ್ನು ಮಿದುವಾದ ಸಾಬೂನಿನಿಂದ ಒಗೆದು, ಸಾಬೂನು ಉಳಿಯದಂತೆ ಜಾಲಿಸಿ, ಚೀಟಿಯಲ್ಲಿ ಅನುಮತಿಯಿದ್ದರೆ ಹದವಾದ ಶಾಖ ಕೊಡಬೇಕು. ಲೇಪ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಪಾಲಿಯುರಿಥೇನ್ ಲೇಪ ತೇವದ ಹವೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಶಿಥಿಲವಾಗಿ ಸುಲಿದುಬರುತ್ತದೆ. ಕರಾವಳಿಯ ವಾಚಕರು ಅದನ್ನು ಒಣಗಿಸಿ ತೂಗುಹಾಕುವುದು ಮೇಲು.

ಒಂದು ಚಿಕ್ಕ ಪ್ರಯೋಗ

ಒಂದು ಲೋಟಕ್ಕೆ ಅರ್ಧದಷ್ಟು ಬಿಸಿನೀರು ಹಾಕಿ, ಅದರ ಬಾಯಿಗೆ ಜಾಕೆಟ್ಟಿನ ಒಂದು ಪದರವನ್ನು, ಒಳಮೈ ನೀರಿನ ಕಡೆಗಿರುವಂತೆ, ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಮೇಲೆ ತಣ್ಣನೆಯ ಗಾಜಿನ ಲೋಟವನ್ನು ಬೋರಲಿಡಿ. ಕೆಲವು ನಿಮಿಷಗಳಲ್ಲಿ ಮೇಲಿನ ಗಾಜು ಮಂಜುಗಟ್ಟಿದರೆ ಆವಿ ಹಾಯ್ದಿದೆ. ಬಟ್ಟೆಯ ಬದಲು ಪಾಲಿಥೀನ್ ಹಾಳೆಯನ್ನು ಕಟ್ಟಿ ನೋಡಿದರೆ ಭೇದ ತಿಳಿಯುತ್ತದೆ. ಒಳಪದರ ಹೊಲಿದ ಜಾಕೆಟ್ಟಿನಲ್ಲಿ ಆವಿ ಎರಡು ಬಟ್ಟೆಗಳನ್ನು ದಾಟಬೇಕಾದುದರಿಂದ ಹೆಚ್ಚು ಹೊತ್ತು ಕಾಯಬೇಕು.

ಕೊಳ್ಳುವ ಕ್ರಮ

ಅಂಗಡಿಯಲ್ಲಿ ಜಾಕೆಟ್ಟಿನ ಒಳಮೈಯನ್ನು ತಿರುಗಿಸಿ ಹೊಲಿಗೆಯ ಪಟ್ಟಿಗಳನ್ನು ಮೊದಲು ನೋಡಬೇಕು. ಪೂರ್ತಿ ಒಳಪದರವಿದ್ದು ಪಟ್ಟಿ ಕಾಣದಿದ್ದರೆ, ಎಲ್ಲ ಹೊಲಿಗೆಯೂ ಮುಚ್ಚಿದೆಯೆಂದು ಚೀಟಿಯಲ್ಲಿ ಬರೆದಿದೆಯೇ ಎಂದು ಓದಬೇಕು. ಎರಡನೆಯದು, 10,000 ಮಿ.ಮೀ. ಮೂರನೆಯದು, ಕಂಕುಳ ಜಿಪ್ಪು. ನಾಲ್ಕನೆಯದು, ಬಿದ್ದಾಗ ಹಿಮ ಒಳಗೆ ನುಗ್ಗದಂತೆ ಸೊಂಟವನ್ನು ಬಿಗಿಯುವ ಒಳಪಟ್ಟಿ ಮತ್ತು ಶಿರಸ್ತ್ರಾಣದ ಮೇಲೆ ಹಿಡಿಸುವ ತಲೆಮುಸುಕು. ಐದನೆಯದು, ಒಳಗೆ ಉಣ್ಣೆಯ ಅಂಗಿ ತೊಟ್ಟರೂ ತೋಳು ಆಡುವಷ್ಟು ಅಳತೆ. ಇವಾದ ಮೇಲೆ ಹಣ ಉಳಿದರೆ ಆವಿಯ ದೊಡ್ಡ ಅಂಕಿಗೆ ಕೊಡಬಹುದು. ಬಣ್ಣ, ಮುದ್ರೆ, ಹೆಸರು ಕೊನೆಗೆ.

ಒಂದೇ ಸಲ ಹೋಗುವವರು ಕೊಳ್ಳಲೇಬೇಕೆಂದಿಲ್ಲ. ಗುಲ್ಮಾರ್ಗಿನ ಅಂಗಡಿಗಳಲ್ಲಿ ಹಲಗೆ, ಬೂಟುಗಳೊಡನೆ ಜಾಕೆಟ್ಟೂ ಬಾಡಿಗೆಗೆ ಸಿಕ್ಕುತ್ತದೆ. ಬಾಡಿಗೆಯ ಜಾಕೆಟ್ಟಿಗೂ ಇದೇ ಪರೀಕ್ಷೆ: ಹೊಲಿಗೆಯ ಪಟ್ಟಿ ಕಿತ್ತುಬಂದಿದೆಯೆ, ಒಳಗಿನ ಲೇಪ ಸುಲಿದಿದೆಯೆ, ಹೊರಮೈಗೆ ಚಿಮುಕಿಸಿದ ನೀರು ಉರುಳುತ್ತದೆಯೆ ಎಂದು ನೋಡಿಕೊಂಡರೆ ಸಾಕು. ಇದಕ್ಕೆ ಬೇಕಾಗುವುದು ಐದು ನಿಮಿಷ, ಒಂದು ಬೊಗಸೆ ನೀರು.