ಪಕ್ಕದ ಕೋರ್ಟಿನ ಟಕ್ ಸದ್ದು

ಬೆಂಗಳೂರಿನ ಬಡಾವಣೆಗಳಲ್ಲಿ ಖಾಲಿ ಬಿದ್ದಿದ್ದ ಸೈಟುಗಳಿಗೆ ಹಸಿರು ಟರ್ಫ್ ಹಾಸಿ, ಸುತ್ತ ಬಲೆ ಕಟ್ಟಿ, ಫ್ಲಡ್‌ಲೈಟ್ ನಿಲ್ಲಿಸಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು ಈಗ ಸಾಮಾನ್ಯ. ಬಾಕ್ಸ್ ಕ್ರಿಕೆಟ್ಟು, ಫುಟ್‌ಬಾಲು, ಈಚೆಗೆ ಪಿಕಲ್‌ಬಾಲು. ಕೆಲಸ ಮುಗಿಸಿ ಬಂದವರಿಗೆ ಆಡಲು ಬಿಡುವು ಸಿಗುವುದೇ ರಾತ್ರಿ. ಪಕ್ಕದ ಮನೆಯಲ್ಲಿ ಮಗುವನ್ನು ಮಲಗಿಸುವ ಹೊತ್ತೂ ಅದೇ. ಇಷ್ಟು ಇಕ್ಕಟ್ಟಾದ ಊರಿಗೆ ಆಟದ ಜಾಗ ಬೇಕೇ ಬೇಕು. ಆದರೆ ಅಕ್ಕಪಕ್ಕದವರು ದೂರು ಹೇಳಿದಾಗ, “ಬಸ್ಸು ಲಾರಿಗಳ ಸದ್ದು ಸಹಿಸುವವರಿಗೆ ಚೆಂಡಿನ ಸದ್ದು ಯಾವ ಲೆಕ್ಕ?” ಎಂದು ತಳ್ಳಿಹಾಕುವುದು ಅನ್ಯಾಯ. ಅವರ ಕಿವಿ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಪಿಕಲ್‌ಬಾಲ್ 1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ ಹುಟ್ಟಿದ ಆಟ. ಟೆನಿಸ್‌ನಲ್ಲಿ ರಾಕೆಟ್ಟಿನ ತಂತಿ ಬಳುಕುತ್ತದೆ, ಚೆಂಡು ಅಮುಕಿಕೊಳ್ಳುತ್ತದೆ; ಹೊಡೆತದ ಪೆಟ್ಟು ಅಷ್ಟು ಮೆತ್ತಗಾಗಿ ಸದ್ದು ಮಂದವಾಗುತ್ತದೆ. ಪಿಕಲ್‌ಬಾಲ್‌ನಲ್ಲಿ ಗಟ್ಟಿ ಹಲಗೆಯಂಥ ಬ್ಯಾಟು, ತೂತುಗಳುಳ್ಳ ಪ್ಲಾಸ್ಟಿಕ್ ಚೆಂಡು. ಎರಡೂ ಬಗ್ಗುವುದು ಕಡಿಮೆ. ಹಾಗಾಗಿ ಚುರುಕಾದ ‘ಟಕ್’ ಸದ್ದು ಹೊಮ್ಮುತ್ತದೆ. ಅದರ ಶಕ್ತಿಯ ಬಹುಪಾಲು 1,000 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ, ನಮ್ಮ ಕಿವಿ ಸುಲಭವಾಗಿ ಹಿಡಿಯುವ ಕಂಪನಾಂಕ ಅದು. ದೂರದ ರಸ್ತೆಯಿಂದ ಬರುವ ವಾಹನಗಳ ಮೊರೆತ ಹೆಚ್ಚಾಗಿ ಕೆಳಸ್ಥಾಯಿಯದು, ಎಡೆಬಿಡದೆ ಬರುವಂಥದು. ಮಿದುಳು ಸ್ವಲ್ಪ ಹೊತ್ತಿನಲ್ಲೇ ಅದನ್ನು ಬದಿಗಿಡುತ್ತದೆ. ಥಟ್ಟನೆ ಹುಟ್ಟಿ ಥಟ್ಟನೆ ಸಾಯುವ ಸದ್ದನ್ನು ಹಾಗೆ ಬದಿಗಿಡಲು ಬಾರದು. ಮುಂದಿನ ಹೊಡೆತ ಯಾವಾಗ ಎಂದು ಗೊತ್ತಿಲ್ಲದಿದ್ದರಂತೂ ಕಿವಿ ಅದಕ್ಕಾಗಿ ಕಾಯುತ್ತಲೇ ಇರುತ್ತದೆ.

ಇನ್ನು ಅಳತೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ. ಈ ಅಂಕಿಗಳು ಸರಾಸರಿ ಮಟ್ಟದವು. ಒಂದು ಲೆಕ್ಕ ಹಾಕಿ ನೋಡೋಣ: ನಿಮ್ಮ ಕಿಟಕಿಯ ಬಳಿ 70 ಡೆಸಿಬಲ್‌ನ ಹೊಡೆತ, ಪ್ರತಿಯೊಂದೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು, ಐದು ಸೆಕೆಂಡಿಗೊಮ್ಮೆ. ಶಬ್ದ ಇರುವುದು ಒಟ್ಟು ಸಮಯದ ಐವತ್ತನೇ ಒಂದು ಪಾಲು ಮಾತ್ರ. ಡೆಸಿಬಲ್ ಲಾಗರಿದಮ್ ಮಾಪಕವಾದ್ದರಿಂದ ಐವತ್ತರ ಭಾಗಾಕಾರವೆಂದರೆ 17 ಡೆಸಿಬಲ್ ಇಳಿಕೆ. ಸರಾಸರಿ 53. ಸಂಜೆ ಎಂಟಕ್ಕೆ ಮೀಟರು ಹಿಡಿದು ಬಂದ ಅಧಿಕಾರಿಯ ಕಾಗದದಲ್ಲಿ ಎಲ್ಲವೂ ಮಿತಿಯೊಳಗೆ. ಮನೆಯೊಳಗಿನವರು ಗಂಟೆಗೆ 720 ಸಲ ಆ ಪೆಟ್ಟು ಕೇಳಿಸಿಕೊಂಡಿರುತ್ತಾರೆ. ಈ ಕೊರತೆ ತಿಳಿದೇ ಅಂತರರಾಷ್ಟ್ರೀಯ ಮಾನಕ ಐಎಸ್ಒ 1996, ಇಂಥ ಹೊಡೆತದ ಸದ್ದುಗಳಿಗೆ ಅವುಗಳ ಬಗೆ ನೋಡಿ 5 ಅಥವಾ 12 ಡೆಸಿಬಲ್ ಕೂಡಿಸಿ ಅಂದಾಜು ಮಾಡುವಂತೆ ಹೇಳುತ್ತದೆ. ಕನಿಷ್ಠ 5 ಕೂಡಿಸಿದರೂ ನಮ್ಮ ಲೆಕ್ಕ 58ಕ್ಕೆ ಏರಿ ಮಿತಿ ದಾಟುತ್ತದೆ. ನಮ್ಮಲ್ಲೂ ಹಾಗೆಯೇ ಅಳೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಾತ್ರಿಯ ಗಾಳಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಹಗಲಲ್ಲಿ ಕಾದ ನೆಲದ ಪಕ್ಕದ ಗಾಳಿ ಬಿಸಿ, ಮೇಲಿನದು ತಂಪು. ಶಬ್ದ ಮೇಲಕ್ಕೆ ಬಾಗಿ ಚದುರುತ್ತದೆ. ಮೋಡವಿಲ್ಲದ, ಗಾಳಿಯಾಡದ ಚಳಿಗಾಲದ ರಾತ್ರಿ ಇದು ತಿರುವುಮುರುವಾಗಿ, ಶಬ್ದ ಮತ್ತೆ ನೆಲದತ್ತ ಬಾಗುತ್ತದೆ. ಹಗಲು ಕೇಳದ ದೂರದ ರೈಲಿನ ಕೂಗು ಜನವರಿಯ ರಾತ್ರಿ ಕಿವಿಗೆ ಬೀಳುವುದು ಇದರಿಂದಲೇ.

ಬೆಳಕಿನ ಸಂಗತಿಯೂ ಉಂಟು. ಅಕ್ಷಿಪಟಲದ ಕೆಲವು ಜೀವಕೋಶಗಳು 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಸ್ಪಂದಿಸಿ, ನಿದ್ರೆಗೆ ಅಣಿಮಾಡುವ ಮೆಲಟೋನಿನ್ ಸ್ರವಿಕೆಯನ್ನು ತಗ್ಗಿಸುತ್ತವೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಧಾರಾಳ. ದೀಪವನ್ನು ಕೋರ್ಟಿನತ್ತ ತಗ್ಗಿಸಿ, ಪಕ್ಕಕ್ಕೆ ಮರೆ ಹಾಕಿದರೆ ಈ ತೊಂದರೆ ಬಹಳಷ್ಟು ನೀಗುತ್ತದೆ.

ಸದ್ದನ್ನು ತಡೆಯುವುದು ಅಷ್ಟು ಸಲೀಸಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದಾಗ ಇಳಿಯುವುದು 6 ಡೆಸಿಬಲ್ ಅಷ್ಟೇ, ಮೂವತ್ತು ಅಡಿ ಸೈಟುಗಳ ನಡುವೆ ಆ ದೂರ ಎಲ್ಲಿಂದ ತರುವುದು? ಬಲೆಯಾಗಲಿ ಒಂದು ಸಾಲು ಗಿಡವಾಗಲಿ ಶಬ್ದವನ್ನು ನಿಲ್ಲಿಸುವುದಿಲ್ಲ. ಸಂದಿಲ್ಲದ, ಭಾರದ ಗೋಡೆ ಬೇಕು. ಅದು ಕೋರ್ಟು ಕಣ್ಣಿಗೆ ಬೀಳದಷ್ಟು ಎತ್ತರವೂ ಇರಬೇಕು. ನೆಲಮಹಡಿಯವರಿಗೆ ಹತ್ತಡಿ ಗೋಡೆ ಸಾಕಾದೀತು. ಎರಡನೇ ಮಹಡಿಯ ಮಲಗುವ ಕೋಣೆಯಿಂದ ಕೋರ್ಟು ಪೂರ್ತಿ ಕಾಣುತ್ತಿದ್ದರೆ ಆ ಗೋಡೆ ಇದ್ದೂ ಇಲ್ಲದಂತೆ. ಅಂಥ ಕಡೆ ಉಳಿಯುವ ದಾರಿ ಮೂರು: ಸದ್ದು ಕಡಿಮೆ ಮಾಡುವ ಬ್ಯಾಟು, ಮೇಲೆ ಮುಚ್ಚಿದ ಚಾವಣಿ, ಇಲ್ಲವೇ ಕಟ್ಟುವ ಮೊದಲೇ ಬೇರೆ ಜಾಗ.